ಆ ರಾತ್ರಿಯ ಗುರುತಿನ ಮಾತು

ಹಂಜಿಗೇರಿಯ ನೆತ್ತಿಯ ಮೇಲೆ ಏಳು ಬೆಳಕು ನಿಂತಿವೆ ಎಂದು ಆ ಊರಿನವರಿಗೆ ಮೊದಲು ಹೇಳಿದವಳು ನಾನೇ. ಅವುಗಳಿಂದ ಯಾವ ಅಪಾಯವೂ ಇಲ್ಲ ಎಂದವಳೂ ನಾನೇ. ಎರಡನೆಯ ಮಾತನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ, ಕೆಳಗೆ ‘ನೀಲಾ ಮೇಟಿ, ಜನಸಂಪರ್ಕ ವಿಭಾಗ’ ಎಂದು ಹೆಸರನ್ನೂ ಫೋನ್ ನಂಬರನ್ನೂ ಕೊಟ್ಟಿದ್ದೆ. ಮನೆ ಮನೆಗೆ ನಾನೇ ಹಂಚಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಇಂಥ ಕೆಲಸದಲ್ಲಿ ಯಾರೂ ಸಂಬಳ ಕೊಡುವುದಿಲ್ಲ.

ಧಾರವಾಡದ ಹೊರಗಿನ ಗುಡ್ಡದ ಮೇಲೆ ನಮ್ಮ ವೀಕ್ಷಣಾಲಯವಿದೆ. ಆಕಾಶದಲ್ಲಿ ಎಲ್ಲಿ ಎಷ್ಟು ಕಾವಿದೆ ಎಂದು ಅಳೆಯುವ ದೂರದರ್ಶಕಗಳು ಅಲ್ಲಿವೆ. ಎರಡು ವರ್ಷದ ಹಿಂದೆ ನನ್ನ ಸಹೋದ್ಯೋಗಿ ತಬಸ್ಸುಮ್ ಪರದೆಯ ಮೇಲೆ ಏಳು ಬಿಂದುಗಳನ್ನು ಕಂಡಳು. ಬೆಳಗಾವಿ ಜಿಲ್ಲೆಯ ಒಂದೇ ಊರಿನ ಮೇಲೆ ಏಳೂ ನಿಂತಿದ್ದವು. ಮೋಡವಲ್ಲ, ವಿಮಾನವಲ್ಲ, ಗಾಳಿ ಬೀಸಿದರೆ ಅಲುಗಾಡುವುದೂ ಇಲ್ಲ. ಆಷಾಢದಲ್ಲಿ ಅವುಗಳಲ್ಲಿ ಒಂದು ಮೆಲ್ಲಗೆ ಪಂಢರಪುರದ ಕಡೆಗೆ ಹೊರಟಿತು. ಹದಿನೆಂಟು ದಿನ ಬಿಟ್ಟು ವಾಪಸ್ಸು ಬಂತು.

“ಇದು ಪಾದಯಾತ್ರಿ ಲೆಕ್ಕ ಆತಲ್ಲ ನೀಲಾ,” ಎಂದು ತಬಸ್ಸುಮ್ ನಕ್ಕಳು. ಮರುದಿನ ನಗಲಿಲ್ಲ. ಹಂಜಿಗೇರಿಯಿಂದ ಆ ವರ್ಷ ನಡೆದುಕೊಂಡು ಪಂಢರಪುರಕ್ಕೆ ಹೋಗಿ ಬಂದವರು ಒಬ್ಬರೇ, ನಿವೃತ್ತ ಹವಾಲ್ದಾರ ಫಕೀರಪ್ಪ ದಳವಾಯಿ. ಬಿಂದು ಅವರಿಂದ ಸರಿಯಾಗಿ ಹನ್ನೊಂದು ಕಿಲೋಮೀಟರ್ ದೂರ ಕಾಯ್ದುಕೊಂಡು ಹೋಗಿ, ಹಾಗೇ ಬಂದಿತ್ತು. ಉಳಿದ ಆರು ಬಿಂದುಗಳಿಗೂ ಒಬ್ಬೊಬ್ಬ ಮನುಷ್ಯ ಸಿಕ್ಕ. ಏಳೂ ಜನ ಮಾಜಿ ಸೈನಿಕರು. ಏಳೂ ಜನ ಬೇರೆ ಬೇರೆ ವರ್ಷಗಳಲ್ಲಿ ಉತ್ತರದ ಹಿಮದ ಠಾಣ್ಯಗಳಲ್ಲಿ ಕಾವಲಿಗಿದ್ದವರು.

ಅವರನ್ನು ಮಾತಾಡಿಸುವುದು ನನ್ನ ಪಾಲಿಗೆ ಬಂತು. ಆ ಸೈನಿಕರು ಆಕಾಶದಲ್ಲಿ ಅರ್ಥವಾಗದ್ದೇನಾದರೂ ಕಂಡಿದ್ದರೆ, ಯಾರೂ ನಗದ ಕಡೆ ಅದನ್ನು ಹೇಳಿಕೊಳ್ಳಲಿ ಎಂದು ಊರಿನ ಶಾಲೆಯಲ್ಲಿ ಒಂದು ಸಭೆ ಕರೆದೆ. ಏಳೂ ಜನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ನೆಟ್ಟಗೆ ಕುಳಿತರು. ಒಂದು ತಾಸು ಒಬ್ಬರೂ ಬಾಯಿ ಬಿಡಲಿಲ್ಲ. ಮಿರ್ಚಿ ಭಜಿ ಬಂದ ಮೇಲೆ ನಾಯಕ್ ಅಡಿವೆಪ್ಪ ಎನ್ನುವವರು ಕೈ ಒರೆಸಿಕೊಂಡು ಎದ್ದು ನಿಂತರು.

“ಕಾವಲಿಗಿದ್ನಿರಿ ಬಾಯಾರ. ಎದುರಿನ ಗುಡ್ಡದ ಮ್ಯಾಲಿಂದ ಒಂದ ಬೆಳಕ ಬರಾಕ್ಹತ್ತು. ಸಪ್ಪಳಿಲ್ಲ. ನಮಗ ಕಲಿಸಿದ್ದ ಏನೈತಿ, ಅದ ಮಾಡಿದ್ನಿ. ‘ಥಮ್! ಕೌನ್ ಆತಾ ಹೈ?’ ಅಂದ್ನಿ. ನಿಂದರು, ಯಾರ ಬರೂದು ಅಂತ.”

“ಆಮೇಲೆ?”

“ನಿಂತ್ತರಿ.”

ಬೆಂಚುಗಳಲ್ಲಿ ಉಳಿದ ಆರು ಜನ ಒಬ್ಬರ ಮುಖ ಒಬ್ಬರು ನೋಡಿದರು.

ಅಡಿವೆಪ್ಪ ಮುಂದುವರಿಸಿದರು. ಠಾಣ್ಯದಲ್ಲಿ ದಿನಕ್ಕೊಂದು ಗುರುತಿನ ಮಾತು. ಅದರಲ್ಲಿ ಎರಡು ಪದ. ಕತ್ತಲಲ್ಲಿ ಬಂದವನನ್ನು ನಿಲ್ಲಿಸಿ ಕಾವಲುಗಾರ ಮೊದಲ ಪದ ಹೇಳುತ್ತಾನೆ, ಬಂದವನು ಎರಡನೆಯದನ್ನು ಹೇಳಬೇಕು. ಹೇಳಿದರೆ ನಮ್ಮವನು. ಅಡಿವೆಪ್ಪ ಆ ಬೆಳಕಿಗೂ ಮೊದಲ ಪದ ಹೇಳಿ ಕಾದರು. ಉತ್ತರ ಬರಲಿಲ್ಲ.

“ಗುಂಡು ಹೊಡೆಯಲಿಲ್ಲವೇ?” ಎಂದೆ.

“ತಪ್ಪ ಹೇಳಿದ್ರ ಹೊಡೀತೀವ್ರಿ. ಸುಮ್ಮ ನಿಂತಾವಗ ಹೆಂಗ ಹೊಡೀತೀರಿ?”

ಬೆಳಕು ಹಾಗೇ ಹಿಂದೆ ಸರಿದು ದೂರದಲ್ಲಿ ನಿಂತಿತಂತೆ. ವರದಿ ಮಾಡಿದರೆ ತಲೆ ಕೆಟ್ಟಿದೆ ಎಂದು ಆಸ್ಪತ್ರೆಗೆ ಹಾಕುತ್ತಾರೆಂದು ಅವರು ಯಾರಿಗೂ ಹೇಳಲಿಲ್ಲ. ರಜೆಗೆ ಬಂದಾಗ ಊರಿನ ಮೇಲೆ ನೋಡಿದರೆ ಅಲ್ಲಿಯೂ ಇತ್ತು. ಅಡಿವೆಪ್ಪ ಮುಗಿಸಿದಾಗ ಫಕೀರಪ್ಪ ಬೆಂಚು ತಟ್ಟಿ, “ನಂದೂ ಇದ ಕತಿ ಬಿಡೋ ಮಾರಾಯಾ!” ಎಂದರು. ಇಪ್ಪತ್ತು ಮೂವತ್ತು ವರ್ಷ ಒಂದೇ ಓಣಿಯಲ್ಲಿ ಬಾಳಿದ ಏಳು ಜನ, ಒಬ್ಬರಿಗೊಬ್ಬರು ಬಚ್ಚಿಟ್ಟದ್ದು ಒಂದೇ ಗುಟ್ಟು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಕರಪತ್ರ ಹಂಚಿದೆ. ಎಲ್ಲರಿಗಿಂತ ಹಿರಿಯರಾದ ಬಸಲಿಂಗಪ್ಪ ಕೆಮ್ಮುತ್ತ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, “ಅಪಾಯಿಲ್ಲ ಅಂದ್ರಲ್ಲ ಬಾಯಾರ, ಅಷ್ಟ ಸಾಕ,” ಎಂದರು.

ಎರಡು ತಿಂಗಳಿಗೆ ಬಸಲಿಂಗಪ್ಪ ತೀರಿಕೊಂಡರು. ಅದು ನಮಗೆ ಗೊತ್ತಾದದ್ದೇ ಪರದೆಯಿಂದ. ಅವರ ಬಿಂದು ಹತ್ತಿರ ಬರತೊಡಗಿತ್ತು. ಹನ್ನೊಂದು ಕಿಲೋಮೀಟರ್ ಇದ್ದದ್ದು ಒಂಬತ್ತಾಯಿತು, ಆರಾಯಿತು. ಹತ್ತೊಂಬತ್ತು ತಾಸಿನಲ್ಲಿ ಸೊನ್ನೆ ಆಯಿತು.

ನಾನು ಹಂಜಿಗೇರಿ ಮುಟ್ಟಿದಾಗ ಬೆಳಕು ಹೊರಟುಹೋಗಿತ್ತು, ಬಸಲಿಂಗಪ್ಪನ ಹೆಂಡತಿ ಯಲ್ಲವ್ವ ಅಂಗಳದಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ಬಗ್ಗಿ ಗುಡಿಸುತ್ತಿದ್ದವಳು ಸದ್ದು ಕೇಳಿ ನೆಟ್ಟಗಾದಂತಿದ್ದಳು. ಕಣ್ಣು ಮಿಟುಕುತ್ತಿದ್ದವು, ಉಸಿರಾಡುತ್ತಿದ್ದಳು, ತುಟಿಗೆ ಚಮಚ ಇಟ್ಟರೆ ಗಂಜಿ ನುಂಗುತ್ತಿದ್ದಳು. ಕಾಲು ಕದಲಲಿಲ್ಲ. ನಾಲ್ಕು ಜನ ಎತ್ತಿ ಮಲಗಿಸಿದರೆ ಮೈ ಸೆಟೆದು ಕೂಗಿಕೊಂಡಳು, ಮತ್ತೆ ನಿಲ್ಲಿಸಿದರೆ ಸುಮ್ಮನಾದಳು. ಡಾಕ್ಟರು ದೊಡ್ಡದೊಂದು ಹೆಸರು ಹೇಳಿ ಹೋದರು. ನಾನು ಅವಳ ಕೈಯಿಂದ ಕಸಬರಿಗೆ ಬಿಡಿಸಲು ನೋಡಿದೆ. ಬೆರಳು ಬಿಚ್ಚಲಿಲ್ಲ. ನನಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಮೊದಲು ಒಳಗೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ನನ್ನ ಕರಪತ್ರ ಕಂಡಿತು.

ಪಕ್ಕದ ಮನೆ ಅಡಿವೆಪ್ಪನವರದು. ಅವರು ಗೋಡೆಯ ಆಚೆ ಹಲ್ಲುಜ್ಜುತ್ತ ನಿಂತಿದ್ದರಂತೆ. ಕಂಡಿಲ್ಲ, ಕೇಳಿದ್ದಾರೆ.

“ಬಸಲಿಂಗಪ್ಪನ ದನಿರಿ ಬಾಯಾರ. ಮುದುಕಾದ ಮ್ಯಾಲಿಂದಲ್ಲ, ವಯಸ್ಸಿನ್ಯಾಗಿಂದು. ‘ಥಮ್’ ಅಂತು. ‘ಕೌನ್’ ಅಂತು. ಆಮ್ಯಾಲೆ ‘ಪಹಾಡ್’ ಅಂತು. ಸ್ವಲ್ಪ ತಡದು ಮತ್ತ ‘ಪಹಾಡ್’ ಅಂತು. ಅದು ಮೊದಲಿನ ಪದರಿ. ಪಾಪ, ಯಲ್ಲವ್ವಗ ಎರಡನೇದು ಎಲ್ಲಿಂದ ಗೊತ್ತಿರಬೇಕ?”

ವೀಕ್ಷಣಾಲಯಕ್ಕೆ ಬಂದು ತಬಸ್ಸುಮ್ ಮುಂದೆ ಎಲ್ಲ ಹೇಳಿದೆ. ಅವಳು ಪರದೆಯ ಮೇಲೆ ಉಳಿದ ಆರು ಬಿಂದುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

“ಅದು ಹೆದರಸಾಕ್ಹತ್ತಿಲ್ಲ ನೀಲಾ,” ಎಂದಳು. “ಪಾಠಾ ಒಪ್ಪಸಾಕ್ಹತ್ತೈತಿ. ಎಲ್ಲಿಂದಲೋ ಬಂದು ಮನುಷ್ಯಾರನ್ನ ಮೊದಲನೇ ಸಲ ಕಂಡೈತಿ. ನಾವು ಅದಕ್ಕ ಕಲಿಸಿದ್ದು ಇಷ್ಟ. ಎದುರು ಬಂದವರನ್ನ ನಿಲ್ಲಸು, ಗುರುತು ಕೇಳು. ನಿಲ್ಲಂದಾವ ಇರೂ ತನಕ ನಿಂತಿರತೈತಿ. ಅವ ಹೋದ ಅಂದ್ರ, ಅವನ ಜೋಡಿ ಬಾಳಿದವರನ್ನ ಹುಡುಕಿಕೊಂಡು ಬಂದು ತಾನ ಕೇಳತೈತಿ.”

“ಉತ್ತರ ಹೇಳಿದರೆ?”

“ಹೇಳಿದವರು ಯಾರೂ ಇಲ್ಲಲ್ಲ.”

ಅಂದಿನಿಂದ ನನ್ನ ಕೆಲಸ ಒಂದೇ ಪ್ರಶ್ನೆಗೆ ಇಳಿಯಿತು. ಆರು ಮನೆಗಳಿಗೆ ಹೋಗಿ ಕೇಳಿದೆ: ನೀವು ಬೆಳಕನ್ನು ನಿಲ್ಲಿಸಿದ ಆ ರಾತ್ರಿಯ ಎರಡನೆಯ ಪದ ಯಾವುದು? ಮರೆತಿಲ್ಲ ಎಂದು ಆರೂ ಜನ ಹೇಳಿದರು. ಹೇಳುವುದಿಲ್ಲ ಎಂದೂ ಆರೂ ಜನ ಹೇಳಿದರು. ಗದರಿದೆ, ಬೇಡಿಕೊಂಡೆ, ಗೋಡೆಯಾಚೆ ನಿಂತಿದ್ದ ಯಲ್ಲವ್ವನನ್ನು ತೋರಿಸಿದೆ. ಸಿಪಾಯಿ ಗುರುತಿನ ಮಾತನ್ನು ತಾಯಿಗೂ ಹೇಳುವುದಿಲ್ಲವಂತೆ. ಆ ಠಾಣ್ಯ ಇದೆಯೋ ಇಲ್ಲವೋ, ಆ ಮಾತು ಮರುದಿನವೇ ರದ್ದಾಗಿತ್ತು. ಹೀಗೆ ವಾದಿಸಿದರೆ ಅಡಿವೆಪ್ಪ ಮುಗುಳ್ನಗುತ್ತ, “ಅದ ಹೇಳೂ ಮಾತಲ್ರಿ,” ಎನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಆ ಮೊಂಡುತನದ ಮೇಲೆ ನನಗಿದ್ದ ಸಿಟ್ಟು ಇನ್ನೂ ಇಳಿದಿಲ್ಲ.

ಫಕೀರಪ್ಪನವರ ಮನೆಯ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ಅವರ ಎದೆ ಸೋತಿತ್ತು, ಮಂಚ ಬಿಟ್ಟು ಏಳುತ್ತಿರಲಿಲ್ಲ. ಹೊಲದಿಂದ ಹೆಂಡತಿ ಕಸ್ತೂರೆವ್ವ ಹುಲ್ಲಿನ ಹೊರೆ ಹೊತ್ತು ಬಂದಳು. ಹೊಸ್ತಿಲ ಮೇಲೆ ಅವಳ ನೆರಳು ಬಿದ್ದದ್ದೇ ತಡ, ಮಂಚದಿಂದ ದನಿ ಬಂತು.

“ಥಮ್! ಕೌನ್ ಆತಾ ಹೈ?”

ಕಸ್ತೂರೆವ್ವ ಹೊರೆ ಹೊತ್ತಂತೆಯೇ ಹೊಸ್ತಿಲಲ್ಲಿ ನಿಂತುಬಿಟ್ಟಳು. ನಾನು ಥಟ್ಟನೆ ಎದ್ದು ನಿಂತೆ.

“ಚಮೇಲಿ,” ಎಂದಳು ಬೇಸರದಿಂದ. “ಚಮೇಲಿ ಬಂದಾಳ. ಒಳಗ ಬರ್ಲೋ ಬ್ಯಾಡೋ?”

“ಆಗೇ ಬಢೋ,” ಎಂದು ಮುಂದೆ ಬರಲು ಅಪ್ಪಣೆ ಕೊಟ್ಟು ಮುದುಕ ನಕ್ಕ.

ಅವಳು ಹೊರೆ ಇಳಿಸಿ ನನ್ನ ಕಡೆ ತಿರುಗಿದಳು. “ನೋಡ್ರಿ ಬಾಯಾರ, ನಮ್ಮವ್ವ ಇಟ್ಟ ಹೆಸರ ಕಸ್ತೂರಿ. ಇವರು ಒಮ್ಮೆ ಸೂಟಿಗೆ ಬಂದಾಗಿಂದ ಚಮೇಲಿ ಮಾಡ್ಯಾರ. ಹಿಂಗ ಅನ್ನದ ಬಾಗಲಾ ದಾಟಾಕ ಬಿಡಂಗಿಲ್ಲ. ಊರ ಮಂದಿ ಚಮೇಲವ್ವ ಅಂತ ಆಡಕೋತಾರ. ಮೊಮ್ಮಕ್ಕಳಾದರೂ ಇವರ ಹುಡುಗಾಟಕಿ ಹೋಗಲಿಲ್ಲ.”

ನಾನೂ ನಕ್ಕೆ. ಚಹಾ ಕುಡಿದೆ. ಅವಳು ಹಿತ್ತಲಿಗೆ ಹೋದ ಮೇಲೆ ಫಕೀರಪ್ಪ ನನ್ನ ಮುಂಗೈ ಹಿಡಿದರು. ಕೈ ತಣ್ಣಗಿತ್ತು.

“ನಾ ಭಾಳ ದಿನ ಇಲ್ರಿ. ನಾ ಹ್ವಾದ ಮ್ಯಾಲ ಅದು ಬರತೈತಿ. ಅಕಿನ್ನ ಯಲ್ಲವ್ವನಂಗ ನಿಂದರಾಕ ಬಿಡಬ್ಯಾಡ್ರಿ. ನೀವು ಸೈನ್ಸ್ ಕಲತವರು, ಏನರ ಮಾಡ್ರಿ.”

“ಪದ ಹೇಳಿ, ಅವಳು ಉಳಿಯುತ್ತಾಳೆ.”

“ನನ್ನ ಡ್ಯೂಟಿ ಬದಲಿ ಮಾಡಾಕ ಇನ್ನೂ ಯಾರೂ ಬಂದಿಲ್ರಿ,” ಎಂದರು. ಆಮೇಲೆ ಗೋಡೆಯ ಕಡೆ ಹೊರಳಿ, “ಹೇಳೂದೆಲ್ಲಾ ಹೇಳೇನಿ,” ಎಂದರು. ಕೇಳಿಯೂ ಕೇಳದವಳ ಹಾಗೆ ನಾನು ಎದ್ದು ಬಂದೆ.

ಮಾಘದ ಒಂದು ಸೋಮವಾರ ಮಧ್ಯಾಹ್ನ ಒಂದಕ್ಕೆ ಫಕೀರಪ್ಪ ತೀರಿಕೊಂಡರು. ಒಂದೂ ಐದಕ್ಕೆ ತಬಸ್ಸುಮ್ ಫೋನ್ ಮಾಡಿದಳು. “ಹೊರಟೈತಿ. ನಾಳೆ ಮುಂಜಾನೆ ಎಂಟಕ್ಕ ಮುಟ್ಟತೈತಿ.”

ನಾನು ಜೀಪು ತೆಗೆದುಕೊಂಡು ಹಂಜಿಗೇರಿಗೆ ಹೋದೆ. ಕಸ್ತೂರೆವ್ವನನ್ನು ಊರು ಬಿಡಿಸಬೇಕೆಂದಿದ್ದೆ. ಹೆಣ ಮನೆಯಲ್ಲಿರುವಾಗ ಹೆಂಡತಿಯನ್ನು ಎಬ್ಬಿಸಿಕೊಂಡು ಹೋಗುತ್ತೇನೆಂದಾಗ ಊರಿನವರು ನನ್ನನ್ನು ಹೊಡೆಯುವುದೊಂದು ಬಾಕಿ ಇತ್ತು. ಅಡಿವೆಪ್ಪ ಅಡ್ಡ ನಿಂತು ಬಿಡಿಸಿದರು. ಹೊತ್ತು ಮುಳುಗುವ ಮೊದಲು ಅವಳನ್ನು ಕೂರಿಸಿಕೊಂಡು ಪಶ್ಚಿಮಕ್ಕೆ ಹನ್ನೆರಡು ಕಿಲೋಮೀಟರ್ ಓಡಿಸಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಅವರು ಒಬ್ಬರ ಅದಾರ್ರಿ, ನನ್ನ ಹೊಳ್ಳಿ ಕರಕೊಂಡ ಹೋಗ್ರಿ,” ಎಂದು ಅಳುತ್ತಿದ್ದಳು. ಧಾರವಾಡದಲ್ಲಿ ತಬಸ್ಸುಮ್ ಫೋನ್ ಹಿಡಿದೇ ಪರದೆ ನೋಡುತ್ತಿದ್ದಳು.

“ನೀಲಾ,” ಎಂದಳು ಕೊನೆಗೆ. “ತಿರುಗಿತವ್ವಾ. ಜೀಪಿನ ಕಡೆ ತಿರುಗಿತು.”

ಅದಕ್ಕೆ ಮನೆ ಬೇಕಾಗಿರಲಿಲ್ಲ, ಅವಳು ಬೇಕಾಗಿದ್ದಳು. ನಾನು ಜೀಪನ್ನು ರಸ್ತೆಯ ಪಕ್ಕ ನಿಲ್ಲಿಸಿ ಎರಡು ನಿಮಿಷ ಸ್ಟಿಯರಿಂಗ್ ಮೇಲೆ ಹಣೆಯಿಟ್ಟೆ. ಆಮೇಲೆ ಅವಳನ್ನು ಗಂಡನ ಹತ್ತಿರಕ್ಕೆ ವಾಪಸ್ಸು ಕರೆದೊಯ್ದೆ. ಬೇರೆ ಏನು ಮಾಡಬಹುದಿತ್ತೋ ನನಗೆ ಇವತ್ತಿಗೂ ತಿಳಿಯದು.

ಬೆಳಿಗ್ಗೆ ಏಳೂವರೆಗೆ ಮಕ್ಕಳನ್ನೂ ನೆಂಟರನ್ನೂ ಓಣಿಯಾಚೆ ಕಳಿಸಿದೆ. ಐದು ಜನ ಮಾಜಿ ಸೈನಿಕರು ಹೋಗಲೊಪ್ಪಲಿಲ್ಲ. ಪದಕ ಧರಿಸಿ ಅಂಗಳದಲ್ಲಿ ಸಾಲಾಗಿ ನಿಂತರು. ಫಕೀರಪ್ಪನವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಕಸ್ತೂರೆವ್ವ ಅವರ ಮೈ ತೊಳೆಯಲು ನೀರು ತರುತ್ತೇನೆಂದು ಕೊಡ ಹಿಡಿದು ಹಿತ್ತಲಿನ ನಳಕ್ಕೆ ಹೋದಳು. ನಾನು ಬೇಡವೆಂದೆ. “ಮತ್ಯಾರು ತರ್ತಾರ್ರಿ?” ಎಂದಳು.

ಎಂಟಕ್ಕೆ ಎರಡು ನಿಮಿಷವಿದ್ದಾಗ ಅದು ಕಂಡಿತು. ಹಗಲಿನಲ್ಲಿ ಹಚ್ಚಿಟ್ಟ ಕಂದೀಲಿನಷ್ಟೇ ಮಂಕಾಗಿತ್ತು. ಬೇವಿನ ಮರದ ಮೇಲಿಂದ ಇಳಿದು ಅಂಗಳದ ನಡುವೆ ಆಳೆತ್ತರದಲ್ಲಿ ನಿಂತಿತು. ಓಣಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ನಾನು ಕಸ್ತೂರೆವ್ವನ ಕಡೆ ಓಡಬೇಕೆಂದುಕೊಂಡೆ. ಕಾಲು ಬರಲಿಲ್ಲ. ಮೊಣಕಾಲಿನಿಂದ ಕೆಳಗೆ ಏನೂ ಇಲ್ಲವೇ ಇಲ್ಲ ಅನಿಸಿತು. ಬಾಯಿ ತೆರೆದರೆ ದನಿ ಹೊರಡಲಿಲ್ಲ. ಕಣ್ಣಿನಂಚಿನಲ್ಲಿ ಐದು ಜನ ಮುದುಕರು ಸೆಟೆದು ನಿಂತದ್ದು ಕಾಣುತ್ತಿತ್ತು. ಇನ್ನು ಹೀಗೆಯೇ, ಯಾರೋ ಬಾಯಿಗೆ ಗಂಜಿ ಹಾಕುತ್ತಾರೆ, ಹೀಗೆಯೇ ನಿಂತಿರಬೇಕು ಎಂದು ಗೊತ್ತಾಗಿ ಒಳಗೊಳಗೇ ಚೀರಿದೆ.

ಕಸ್ತೂರೆವ್ವ ಸೊಂಟದ ಮೇಲೆ ಕೊಡವಿಟ್ಟುಕೊಂಡು ಮನೆಯ ಮೂಲೆ ತಿರುಗಿ ಬಂದಳು.

“ಥಮ್! ಕೌನ್ ಆತಾ ಹೈ?”

ಫಕೀರಪ್ಪನ ದನಿ. ಇಪ್ಪತ್ತೈದು ವರ್ಷದ ಹುಡುಗನ ದನಿ, ಚಳಿಗೆ ನಡುಗುತ್ತಿತ್ತು, ಹೆದರಿತ್ತು. ಕಸ್ತೂರೆವ್ವ ನಿಂತಳು. ಕೊಡದಿಂದ ನೀರು ತುಳುಕಿ ಅವಳ ಪಾದದ ಮೇಲೆ ಬಿತ್ತು. ಅವಳು ಪಡಸಾಲೆಯ ಹೆಣವನ್ನು ನೋಡಿದಳು, ಬೆಳಕನ್ನು ನೋಡಿದಳು.

“ನರ್ಗಿಸ್,” ಎಂದಿತು ದನಿ.

ಅವಳು ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದಳು.

“ನರ್ಗಿಸ್.”

“ಯಾವಾಕಿರಿ ಅಕಿ ನರ್ಗಿಸ?” ಕಸ್ತೂರೆವ್ವನ ದನಿ ಅಳುವಿನಲ್ಲೂ ಏರಿತು. “ನಾ ಚಮೇಲಿ! ಇಷ್ಟ ವರ್ಷ ಹೇಳಿಸಿಕೊಂಡು ಈಗ ಮರತ್ರೇನ? ಚಮೇಲಿ ಬಂದಾಳ್ರಿ!”

ಬೆಳಕು ಒಮ್ಮೆ ಕುಗ್ಗಿತು.

“ಆಗೇ ಬಢೋ,” ಎಂದಿತು.

ಅವಳು ಕೊಡ ಹೊತ್ತು ಅದರ ಪಕ್ಕದಿಂದಲೇ ನಡೆದು ಹೊಸ್ತಿಲು ದಾಟಿದಳು. ಅವಳ ಕಾಲು ಪಡಸಾಲೆ ಮುಟ್ಟಿದ ಕ್ಷಣ ನಾನು ಬುಡ ಕಡಿದ ಮರದ ಹಾಗೆ ನೆಲಕ್ಕೆ ಬಿದ್ದೆ. ತಲೆಯೆತ್ತಿದಾಗ ಬೆಳಕು ಬೇವಿನ ಮರಕ್ಕಿಂತ ಮೇಲಿತ್ತು, ಆಮೇಲೆ ಇರಲಿಲ್ಲ. ತಬಸ್ಸುಮ್ ಅದನ್ನು ಚಂದ್ರನ ಆಚೆಯವರೆಗೂ ಹಿಂಬಾಲಿಸಿದಳು. ಮತ್ತೆ ಬಂದಿಲ್ಲ.

ಫಕೀರಪ್ಪ ನಿಯಮ ಮುರಿಯಲಿಲ್ಲ. ಗುರುತಿನ ಮಾತೆಂದು ಹೇಳದೆ, ಅದನ್ನೇ ಹೆಂಡತಿಯ ಹೆಸರು ಮಾಡಿ, ದಿನವೂ ಹೊಸ್ತಿಲಲ್ಲಿ ಕವಾಯತು ಮಾಡಿಸಿದ್ದರು. ನನ್ನ ಕಣ್ಣೆದುರಿಗೇ ಮಾಡಿಸಿದರೂ ನಾನು ಚಹಾ ಕುಡಿದು ನಕ್ಕು ಬಂದಿದ್ದೆ.

ಆ ವಾರವೇ ಉಳಿದವರ ಪೈಕಿ ನಾಲ್ವರು ತಮ್ಮ ತಮ್ಮ ಹೆಂಡಿರ ಕಿವಿಯಲ್ಲಿ ಒಂದೊಂದು ಪದ ಹೇಳಿದರು. ಅಡಿವೆಪ್ಪ ಮಾತ್ರ, “ಈಗೇನ ಅವಸರೈತ್ರಿ? ಇನ್ನೂ ಗಟ್ಟಿ ಅದೇನಿ,” ಎಂದು ನಕ್ಕು ತಪ್ಪಿಸಿಕೊಂಡರು. ಮೈ ಗಟ್ಟಿಯೇ ಇತ್ತು. ಬೇಸಿಗೆಯಲ್ಲಿ ಮನೆಯ ದಾರಿ ಮರೆತರು. ಮಳೆಗಾಲಕ್ಕೆ ಮಗನ ಹೆಸರು ಮರೆತರು. ಒಂದು ದಿನ ತಾವಾಗಿಯೇ ನನಗೆ ಫೋನ್ ಮಾಡಿಸಿ, ಹೇಳುತ್ತೇನೆ ಬನ್ನಿ ಎಂದರು. ನಾನು ಓಡಿದೆ. ಎದುರಿಗೆ ಕುಳಿತು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು.

“ನಿನ್ನಿ ಇತ್ತರಿ,” ಎಂದರು. ಅಷ್ಟು ಹೆದರಿದ ಮುಖವನ್ನು ನಾನು ನೋಡಿಲ್ಲ.

ಮೊದಲ ಪದ ಅವರಿಗೆ ನೆನಪಿದೆ, ‘ದರಿಯಾ’. ಎರಡನೆಯದು ಏನೂ ಇರಬಹುದು. ಅವರ ಹೆಂಡತಿ ಹಿಂದೆಯೇ ತೀರಿಕೊಂಡಿದ್ದಾಳೆ, ಮಗ ದೂರದ ಪಲ್ಟನ್‌ನಲ್ಲಿದ್ದಾನೆ. ಮನೆಯಲ್ಲಿ ಅವರಿಗೆ ಉಣ್ಣಿಸಿ ಮೈ ತೊಳೆದು ಮಾಡುವವಳು ಸೊಸೆ ಸಾವಕ್ಕ, ತೊಟ್ಟಿಲಲ್ಲಿ ಅವಳ ಎಂಟು ತಿಂಗಳ ಕೂಸು. ಈಗ ನಾನು ಹಂಜಿಗೇರಿಯಲ್ಲೇ ಕೋಣೆ ಹಿಡಿದಿದ್ದೇನೆ. ದಿನವೂ ಬೆಳಿಗ್ಗೆ ಹಿಂದಿ ಶಬ್ದಗಳ ಪಟ್ಟಿ ಹಿಡಿದು ಅವರ ಮಂಚದ ಪಕ್ಕ ಕುಳಿತು ಒಂದೊಂದೇ ಓದುತ್ತೇನೆ. ಹೂವುಗಳು ಮುಗಿದವು, ಹಕ್ಕಿಗಳು ಮುಗಿದವು, ಊರುಗಳು ಮುಗಿದವು. ಯಾವುದಕ್ಕಾದರೂ ಕಣ್ಣು ಮಿಂಚೀತೆಂದು ಕಾಯುತ್ತೇನೆ. ಎಲ್ಲದಕ್ಕೂ ಮಿಂಚುತ್ತವೆ. ಎಲ್ಲದಕ್ಕೂ “ಹೌದ್ರಿ, ಅದ,” ಎನ್ನುತ್ತಾರೆ.

ಸಾವಕ್ಕ ರೊಟ್ಟಿ ಬಡಿಯುತ್ತ ಅವನ್ನೆಲ್ಲ ಬಾಯಿಪಾಠ ಮಾಡುತ್ತಾಳೆ. ಮುನ್ನೂರು ದಾಟಿವೆ. ಇವತ್ತು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ, ಗೋಡೆಯಾಚೆ, ಯಲ್ಲವ್ವನ ತಲೆ ಕಾಣುತ್ತಿತ್ತು. ಬಿಸಿಲಿಗೆಂದು ಯಾರೋ ಅವಳಿಗೆ ಕೊಡೆ ಕಟ್ಟಿದ್ದಾರೆ.

“ಬಾಯಾರ, ಅದು ಬಂದಾಗ ಎಲ್ಲಾ ಪದ ಒಮ್ಮೆಲೆ ಹೇಳಿಬಿಟ್ರ ನಡಿತೈತೇನ್ರಿ? ಒಂದರ ಖರೇ ಇದ್ದೀತು.”

ಶಾಲೆಯ ಬೆಂಚಿನ ಬಳಿ ನಿಂತು ಅಡಿವೆಪ್ಪ ಹೇಳಿದ್ದು ನನಗೆ ನೆನಪಿತ್ತು. ಸುಮ್ಮನೆ ನಿಂತವನನ್ನು ಕಾವಲುಗಾರ ಹೊಡೆಯುವುದಿಲ್ಲ. ತಪ್ಪು ಹೇಳಿದವನನ್ನು ಹೊಡೆಯುತ್ತಾನೆ. ಬೆಳಕು ಅದನ್ನೂ ಕಲಿತಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಅಪಾಯವಿಲ್ಲ ಎಂದು ಒಮ್ಮೆ ಅಚ್ಚು ಹಾಕಿಸಿದವಳು ನಾನು. ಈ ಸಲ ಹಾಗೆ ಹೇಳಲು ನಾಲಗೆ ಹೊರಳಲಿಲ್ಲ.

“ಇಲ್ಲ ಸಾವಕ್ಕ. ಒಂದ ಹೇಳಬೇಕ.”

“ಯಾವದ್ರಿ?”

ನಾನು ಮಂಚದ ಕಡೆ ತಿರುಗಿದೆ. ಅಡಿವೆಪ್ಪ ನನ್ನನ್ನೂ ಸೊಸೆಯನ್ನೂ ನೋಡಿ ಮುಗುಳ್ನಕ್ಕರು.

“ಹೌದ್ರಿ ಬಾಯಾರ,” ಎಂದರು. “ಅದ.”